ಎರಡು ವೇಷದ ಡಾಂಗಲ್ಲು, ಒಂದೇ ವೇಷದ ಬೋರಲಿಂಗ

ಬನ್ನಿ, ಹತ್ತಿರ ಬನ್ನಿ. ನಗು ಬಂದರೆ ತಡ್ಕೋಬೇಡಿ, ನಿದ್ದೆ ಬಂದರೆ ಗೋಡೆ ಕಡೆ ತಿರುಗಿ ಮಲಗಿ, ನನಗೇನೂ ಬೇಜಾರಿಲ್ಲ. ಮಧ್ಯದಲ್ಲಿ ಬಾಯಿ ಹಾಕಿ "ಹಂಗೆಲ್ಲಾ ಎಲ್ಲಾದರೂ ಆಗುತ್ತಾ" ಅಂದರೆ ಮಾತ್ರ ಎದ್ದು ಹೋಗಿಬಿಡ್ತೀನಿ. ಆಗಿದೆ ಅಂತಲೇ ಹೇಳ್ತಿರೋದು.

ಬನ್ನಿಪಾಳ್ಯ ಅಂತ ಒಂದು ಊರು. ಆ ಊರಿನ ಬಸ್ ನಿಲ್ಲೋ ಜಾಗದಲ್ಲಿ ಸಿದ್ದಕ್ಕ ಅನ್ನೋಳು ಕಡಲೆಪುರಿ ಮಾರ್ತಿದ್ದಳು. ಗಂಡ ತೀರಿಕೊಂಡು ಬಹಳ ವರ್ಷ. ಇದ್ದವನು ಒಬ್ಬನೇ ಮಗ, ಬೋರಲಿಂಗ. ಒಬ್ಬನೇ, ಆದರೆ ಹತ್ತು ಮಕ್ಕಳನ್ನ ಸಾಕಿದಷ್ಟು ಸುಸ್ತು ಅವಳಿಗೆ.

ಯಾಕೆ ಅಂತೀರಾ? ಹುಡುಗ ಪೆದ್ದ. ಎಂಥ ಪೆದ್ದ? ಸೋಮಾರಿ ಅಲ್ಲ, ಸುಳ್ಳ ಅಲ್ಲ, ಎದುರು ಮಾತಾಡೋನೂ ಅಲ್ಲ. ಹೇಳಿದ್ದನ್ನ ಮಾಡ್ತಿದ್ದ. ಹೇಳಿದ್ದನ್ನೇ ಮಾಡ್ತಿದ್ದ, ಹೇಳಿದಷ್ಟೇ ಮಾಡ್ತಿದ್ದ, ಹೇಳಿದ ಹಾಗೇ ಮಾಡ್ತಿದ್ದ! ಅದೇ ಬಂದಿದ್ದ ಕಷ್ಟ.

ಹಿಟ್ಟಿನ ಗಿರಣಿಗೆ ಸೇರಿಸಿದಳು. "ಮೊದಲು ಬಂದೋರಿಗೆ ಮೊದಲು ಬೀಸಿಕೊಡು, ಮಧ್ಯದಲ್ಲಿ ಮಿಷನ್ ನಿಲ್ಲಿಸಬೇಡ" ಅಂದ ಗಿರಣಿಯವನು. ಮೊದಲು ಬಂದದ್ದು ರಾಗಿ, ಆಮೇಲೆ ಬಂದದ್ದು ಒಣಮೆಣಸಿನಕಾಯಿ, ಅದರ ಹಿಂದೆ ಹದಿನಾಲ್ಕು ಮನೆ ರಾಗಿ. ಬೋರ ನಿಲ್ಲಿಸಲೇ ಇಲ್ಲ. ಆವತ್ತು ಅರ್ಧ ಊರು ಕೆಂಪು ಮುದ್ದೆ ಉಂಡು ಕಣ್ಣೀರು ಹಾಕಿತು. ಹಾಲಿನ ಡೈರಿಗೆ ಸೇರಿಸಿದಳು. "ಬರ್ತಿದ್ದ ಹಾಗೇ ಕ್ಯಾನು ತೊಳೆದಿಡು" ಅಂದರು. ಕ್ಯಾನು ಬಂತು. ಒಳಗೆ ಹಾಲಿತ್ತು. ಇದ್ದರೇನು, ತೊಳಿ ಅಂದಿದ್ದರಲ್ಲ! ತೊಳೆದಿಟ್ಟ, ಫಳಫಳ.

ಹಿಂಗೆ ಏಳು ಕೆಲಸ ಹೋಯಿತು. ಸಿದ್ದಕ್ಕನಿಗೆ ಕೆಲಸ ಹೋಗಿದ್ದು ದುಃಖವಲ್ಲ. ಅವಳ ದುಃಖ ಬೇರೆ. "ನಾನಿರೋತನಕ ನಾನು ಹೇಳ್ತೀನಿ. ನಾನು ಹೋದ ಮೇಲೆ ಇವನಿಗೆ ಹೇಳೋರು ಯಾರು?" ಪುರಿ ಅಳೆಯೋವಾಗಲೂ ಅದೇ ಯೋಚನೆ, ಬುಟ್ಟಿ ಹೊತ್ತು ಮನೆಗೆ ಹೋಗೋವಾಗಲೂ ಅದೇ ಯೋಚನೆ.

ಅಷ್ಟರಲ್ಲಿ ಸೀಗೇಹಟ್ಟಿಯ ಜುಂಜಪ್ಪ ಅನ್ನೋರ ಕಡೆಯಿಂದ ಒಂದು ಸಂಬಂಧದ ಮಾತು ಬಂತು. ಅವರ ಮಗಳು ಕರಿಯಮ್ಮ. ಹುಡುಗಿ ಬೋರನನ್ನ ಬಸ್ಸಿನಲ್ಲಿ ಒಂದು ಸಲ ನೋಡಿದ್ದಳಂತೆ. ಕಂಡಕ್ಟರು "ಒಳಗೆ ಹೋಗ್ರೀ, ಒಳಗೆ ಹೋಗ್ರೀ" ಅಂತ ಕೂಗ್ತಾನೇ ಇದ್ದನಂತೆ, ಇವನು ಹೋಗಿ ಹೋಗಿ ಕೊನೇ ಸೀಟಿನ ಅಡಿಗೆ ಹೋಗಿ ಕೂತಿದ್ದನಂತೆ. ಅವಳು ಮನೆಗೆ ಬಂದು "ಅಪ್ಪ, ಹೇಳಿದ ಮಾತು ಕೇಳೋ ಗಂಡಸು ಅಂದರೆ ಅವನೊಬ್ಬನೇ" ಅಂದಳಂತೆ.

ಜುಂಜಪ್ಪ ಗತ್ತಿನ ಮನುಷ್ಯ. ಕಿವಿತನಕ ಮೀಸೆ, ಹೆಗಲಿಗೆ ಬೀಳೋ ಕೂದಲು. "ಸಿದ್ದಕ್ಕ, ನಿನ್ನ ಮಗ ಒಂದೇ ಕೆಲಸದಲ್ಲಿ ಒಂದು ತಿಂಗಳು ನಿಲ್ಲಲಿ. ನಿಂತರೆ ಮದುವೆ. ನಿಲ್ಲದಿದ್ದರೆ ಮಾತು ಇಲ್ಲಿಗೇ ಬಿಟ್ಟೆವು" ಅಂದ.

ಸಿದ್ದಕ್ಕ ಪುರಿ ಮಾರೋ ಜಾಗದ ಪಕ್ಕದಲ್ಲೇ ಷಡಕ್ಷರಿಯ ಕಂಪ್ಯೂಟರ್ ಅಂಗಡಿ. ಪಹಣಿ ತೆಗೆಸೋರು, ಹಾಲ್ ಟಿಕೆಟ್ ತೆಗೆಸೋರು, ಅರ್ಜಿ ಹಾಕೋರು ಎಲ್ಲಾ ಅಲ್ಲೇ. ಅವನ ಕಾಲು ಹಿಡಿಯೋದೊಂದು ಬಾಕಿ, ಅಷ್ಟು ಕೇಳಿಕೊಂಡು ಮಗನನ್ನ ಅಲ್ಲಿ ಸೇರಿಸಿದಳು.

ಆ ಊರಿಗೆ ನೆಟ್ಟಿನ ತಂತಿ ಬಂದಿರಲಿಲ್ಲ. ಷಡಕ್ಷರಿ ಹತ್ತಿರ ಇದ್ದದ್ದು ಹೆಬ್ಬೆರಳಷ್ಟು ಒಂದು ಡಾಂಗಲ್ಲು. ಅದನ್ನ ಕಂಪ್ಯೂಟರಿಗೆ ಚುಚ್ಚಿದರೆ ನೆಟ್ಟು ಬರಬೇಕು. ಷಡಕ್ಷರಿ ಹೇಳಿದ, "ನೋಡೋ ಬೋರ, ನೀಲಿ ದೀಪ ಇದ್ದರೆ ನೆಟ್ಟು ಇದೆ ಅಂತ. ಒಂದೊಂದು ಸಲ ಸಿಕ್ಕಿಕೊಂಡುಬಿಡುತ್ತೆ. ಆಗ ಏನು ಮಾಡ್ತೀಯ? ಕೀಳು, ಹತ್ತು ಎಣಿಸು, ಮತ್ತೆ ಚುಚ್ಚು. ಅಷ್ಟೇ."

"ಕೀಳು, ಹತ್ತು ಎಣಿಸು, ಮತ್ತೆ ಚುಚ್ಚು," ಅಂದ ಬೋರ.

ಷಡಕ್ಷರಿ ತಾಲ್ಲೂಕಿಗೆ ಹೋದ. ಹೋದ ಅರ್ಧ ಗಂಟೆಗೆ ನೆಟ್ಟು ಸಿಕ್ಕಿಕೊಂಡಿತು. ಬೋರ ಕಿತ್ತ, ಹತ್ತು ಎಣಿಸಿದ, ಚುಚ್ಚಿದ. ನೀಲಿ ದೀಪ ಬರಲಿಲ್ಲ, ಕೆಂಪು ದೀಪ ಬಂತು. ಪರದೆ ಮೇಲೆ ಒಂದು ಸೀಡಿಯ ಚಿತ್ರ ಬಂತು. ನೆಟ್ಟು ಇಲ್ಲ! ಮತ್ತೆ ಕಿತ್ತ, ಹತ್ತು ಎಣಿಸಿದ, ಚುಚ್ಚಿದ. ಮತ್ತೆ ಸೀಡಿ! ಮತ್ತೆ ಕಿತ್ತ, ಎಣಿಸಿದ, ಚುಚ್ಚಿದ. ಮತ್ತೆ ಸೀಡಿ! ಲೈನಿನಲ್ಲಿ ನಿಂತಿದ್ದೋರೂ ಅವನ ಜೊತೆ ಎಣಿಸೋಕೆ ಶುರು ಮಾಡಿದರು. ಸಾಯಂಕಾಲ ಷಡಕ್ಷರಿ ಬಂದಾಗ ಡಾಂಗಲ್ಲು ಕಾದು ಕೈಗೆ ಸುಡ್ತಿತ್ತು, ಬೋರನ ಬೆರಳು ಊದಿತ್ತು.

"ಅಯ್ಯೋ ನಿನ್ನ ಮನೆ ಕಾಯ್ಹೋಗ! ಬೆಳಗ್ಗೆಯಿಂದ ಇದೇನಾ?"

"ನೀನೇ ಹೇಳಿದ್ದಲ್ಲಣ್ಣ."

"ಲೋ, ಇದಕ್ಕೆ ಎರಡು ವೇಷ ಕಣೋ! ಚುಚ್ಚಿದ ತಕ್ಷಣ ಮೊದಲು ಸೀಡಿ ವೇಷದಲ್ಲಿ ಬರುತ್ತೆ. ಇದನ್ನ ಮಾಡಿದೋರು ತಮ್ಮ ಸಾಫ್ಟ್‌ವೇರನ್ನೂ ಇದರೊಳಗೇ ತುಂಬಿ ಕಳಿಸಿದ್ದಾರೆ, ಅದನ್ನ ಕೊಡೋಕೆ ಆ ವೇಷ. ಆ ಸೀಡಿಯನ್ನ ಒತ್ತಿ 'ಹೊರಗೆ ಹೋಗು' ಅನ್ನಬೇಕು. ಆಗ ವೇಷ ಕಳಚಿ ನೆಟ್ಟಾಗುತ್ತೆ, ನೀಲಿ ದೀಪ ಬರುತ್ತೆ. ಕಿತ್ತರೆ ಮತ್ತೆ ಸೀಡಿನೇ!"

ಪಕ್ಕದಿಂದ ಸಿದ್ದಕ್ಕನೂ ಎದ್ದು ಬಂದು ತಲೆ ಮೇಲೆ ಒಂದು ಮೊಟಕಿದಳು. "ಅಷ್ಟೂ ತಿಳಿಯಲ್ವೇನೋ ಮಂಕೇ! ಮೊದಲು ಬಂದ ಮುಖ ನಂಬಬೇಡ. ಹೊರಗೆ ಹೋಗು ಅನ್ನು. ಆಮೇಲೆ ಬರೋದೇ ನಿಜವಾದ್ದು. ತಿಳೀತಾ?"

"ತಿಳೀತವ್ವ," ಅಂದ ಬೋರ.

ಮಾರನೇ ದಿನ ಬೆಳಗ್ಗೆ ಅಂಗಡಿ ತೆರೆದ. ಮೊದಲು ಬಂದೋರು ಚನ್ನಬಸಮ್ಮ ಟೀಚರು. ಊರಿನ ಮೂರು ತಲೆಮಾರಿಗೆ ಅಕ್ಷರ ಕಲಿಸಿ ಈಗ ರಿಟೈರಾಗಿರೋ ಹೆಂಗಸು.

"ಬೋರ, ಇದೊಂದು ಕಾಗದ ಜೆರಾಕ್ಸ್ ಮಾಡಪ್ಪ."

"ಹೊರಗೆ ಹೋಗಿ!" ಅಂದ ಬೋರ.

"ಏನಂದೆ?"

"ಹೊರಗೆ ಹೋಗಿ ಟೀಚರ್!"

"ನಿನ್ನ ಕೈ ಹಿಡಿದು ಅ ಆ ತಿದ್ದಿಸಿದ್ದೀನಲ್ಲೋ!"

"ಮೊದಲು ಬಂದ ಮುಖ ನಂಬಬೇಡ ಅಂದಿದ್ದಾಳೆ ಅವ್ವ. ನೀವು ಹೋಗಿ, ನಿಜವಾದ ಟೀಚರ್ ಬರಲಿ."

ಟೀಚರು ಹೋದರು. ಹೋಗೋಕೆ ಮುಂಚೆ ಕೊಡೆಯಿಂದ ಎರಡು ಬಿಟ್ಟೇ ಹೋದರು. ಆಮೇಲೆ ಬಂದ ಹನ್ನೊಂದು ಜನಕ್ಕೂ ಅದೇ ಮಾತು, "ಹೊರಗೆ ಹೋಗಿ!" ಕೆಲವರು ಹೋಗಿ ಬಂದರು, ಕೆಲವರು ಬೈದು ಹೋದರು, ಒಬ್ಬ ತನಗೆ ಊರಲ್ಲಿ ಏನೋ ಬಹಿಷ್ಕಾರ ಬಿದ್ದಿದೆ ಅಂದುಕೊಂಡು ಗೌಡರ ಮನೆಗೆ ಹೋಗಿ ಅತ್ತ.

"ಥೂ ನಿನ್ನ! ಡಾಂಗಲ್ಲಿಗೆ ಹೇಳಿದ್ದನ್ನ ಮನುಷ್ಯರಿಗೆ ಮಾಡ್ತಾರೇನೋ!" ಷಡಕ್ಷರಿ ಕೂಗಾಡಿದ. "ಮನುಷ್ಯರು ಬಂದರೆ ಲೈನಿನಲ್ಲಿ ನಿಲ್ಲಿಸು. ಒಂದೇ ಒಂದು ವಿಷಯ ನೋಡಿಕೋ. ಈ ಜನ ಏನು ಮಾಡ್ತಾರೆ, ತಾನು ಲೈನಲ್ಲಿ ನಿಂತಿರ್ತಾನೆ, ಟೀ ಕುಡಿದು ಬರ್ತೀನಿ ಅಂತ ಹೋಗ್ತಾನೆ, ಅವನ ಜಾಗಕ್ಕೆ ಭಾಮೈದ ಬಂದು ನಿಲ್ತಾನೆ. ಹೋದ ಮುಖವೇ ಬಂದರೆ ಅವನ ಜಾಗ ಅವನಿಗೆ ಕೊಡು. ಮುಖ ಬೇರೆ ಆಗಿದ್ದರೆ ಹೊಸಬ ಅಂತ ಲೆಕ್ಕ. ಕೊನೆಗೆ ನಿಲ್ಲಿಸು. ಯಾರು ಏನೇ ಹೇಳಲಿ ಬಿಡಬೇಡ!"

"ಮುಖ ಬೇರೆ ಆದರೆ ಹೊಸಬ. ಯಾರು ಏನೇ ಹೇಳಲಿ ಬಿಡಲ್ಲ," ಅಂದ ಬೋರ.

ಇದೊಂದು ಮಾತು ಅವನಿಗೆ ಸರಿಯಾಗಿ ಹತ್ತಿತು ನೋಡಿ. ಲೈನು ನೆಟ್ಟಗಾಯಿತು. ಭಾಮೈದಂದಿರ ಆಟ ನಿಂತಿತು. ಡಾಂಗಲ್ಲು ಗಂಟೆಗೊಂದು ಸಲ ಸಿಕ್ಕಿಕೊಳ್ಳೋದು ನಿಲ್ಲಲಿಲ್ಲ, ಆದರೆ ಬೋರ ಕಿತ್ತು ಎಣಿಸಿ ಚುಚ್ಚಿ ಸೀಡಿಯನ್ನ ಹೊರಗೆ ಕಳಿಸಿ ಹೆಂಗೋ ನಡೆಸ್ತಿದ್ದ. ಹತ್ತು ದಿನ ಆಯಿತು, ಹದಿನೈದಾಯಿತು, ಇಪ್ಪತ್ತೆರಡಾಯಿತು. ಸಿದ್ದಕ್ಕ ದಿನಾ ಸಾಯಂಕಾಲ ಗೋಡೆ ಮೇಲೆ ಒಂದು ಸುಣ್ಣದ ಗೆರೆ ಎಳೀತಿದ್ದಳು. ಇನ್ನು ಎಂಟೇ ಗೆರೆ!

ಇಪ್ಪತ್ತಮೂರನೇ ದಿನ ಜುಂಜಪ್ಪನೇ ಬಂದ. ಪಹಣಿ ಬೇಕಿತ್ತು, ಜೊತೆಗೆ ಅಳಿಯನಾಗೋನನ್ನ ನೋಡಬೇಕಿತ್ತು. ಲೈನಲ್ಲಿ ನಿಂತು ಮೀಸೆ ತಿರುವುತ್ತಾ ಬೋರ ಕೆಲಸ ಮಾಡೋದನ್ನ ನೋಡಿದ. ನೋಡಿ ಖುಷಿಯಾಗಿ ಸಿದ್ದಕ್ಕನ ಹತ್ತಿರ ಬಂದ.

"ಹುಡುಗ ಪರವಾಗಿಲ್ಲ ಕಣವ್ವ. ಇನ್ನು ಎಂಟು ದಿನ ಏನು ಕಾಯೋದು, ಆದ ಹಾಗೇ ಲೆಕ್ಕ. ಮಗಳಿಗೆ ಗಂಡು ಗೊತ್ತಾದರೆ ಮುಡಿ ಕೊಡ್ತೀನಿ ಅಂತ ನಿಮ್ಮೂರ ರಂಗಪ್ಪನಿಗೇ ಹರಕೆ ಹೊತ್ತಿದ್ದೆ. ಬಂದಿದ್ದೀನಿ, ಈಗಲೇ ತೀರಿಸಿಬಿಡ್ತೀನಿ."

ಸಿದ್ದಕ್ಕನಿಗೆ ಕಣ್ಣಲ್ಲಿ ನೀರೇ ಬಂತು. ಒಂದು ಸೇರು ಪುರಿ ಹಂಗೇ ಕಟ್ಟಿಕೊಟ್ಟಳು. ಜುಂಜಪ್ಪ ಬೋರನಿಗೂ ಒಂದು ಮಾತು ಹೇಳಿದ, "ನನ್ನ ಜಾಗ ನೋಡಿಕೋಪ್ಪ, ಗುಡಿಗೆ ಹೋಗಿ ಬರ್ತೀನಿ." ಬೋರ ಅವನ ಮುಖವನ್ನ ಚೆನ್ನಾಗಿ ನೋಡಿ ಇಟ್ಟುಕೊಂಡ.

ಮುಕ್ಕಾಲು ಗಂಟೆಗೆ ಜುಂಜಪ್ಪ ಬಂದ. ತಲೆ ನುಣ್ಣಗೆ. ಮೀಸೆ ಇಲ್ಲ. ಬುರುಡೆ ತುಂಬಾ ಗಂಧ.

"ಎಲ್ಲಪ್ಪ ನನ್ನ ಜಾಗ?"

"ಯಾರು ನೀವು?"

"ನಾನೇ ಕಣಯ್ಯ, ಜುಂಜಪ್ಪ!"

"ಜುಂಜಪ್ಪನವರು ಗುಡಿಗೆ ಹೋಗಿದ್ದಾರೆ."

"ಹೋಗಿದ್ದೋನು ಬಂದಿದ್ದೀನಲ್ಲ!"

"ಹೋದೋರಿಗೆ ಮೀಸೆ ಇತ್ತು. ನೀವು ಹೊಸಬರು. ಕೊನೆಗೆ ನಿಲ್ಲಿ."

"ಲೇ! ನಿನ್ನ ಮಾವನಾಗೋನು ಕಣೋ ನಾನು!"

"ಎಲ್ಲಾ ಭಾಮೈದಂದಿರೂ ಹಿಂಗೇ ಹೇಳೋದು. ಕೊನೆಗೆ ನಿಲ್ಲಿ!"

ಜನ ಬಿದ್ದು ಬಿದ್ದು ನಕ್ಕರು. ಜುಂಜಪ್ಪನ ಬುರುಡೆ ಕೆಂಪಗಾಯಿತು. ಸಿದ್ದಕ್ಕ ಬುಟ್ಟಿ ಅಲ್ಲೇ ಬಿಟ್ಟು ಓಡಿಬಂದಳು, ಮಗನ ಬೆನ್ನಿಗೆ ಬಡಿದಳು, ಬೀಗನಾಗೋನಿಗೆ ಕೈ ಮುಗಿದಳು. "ಅಯ್ಯೋ ಮೂದೇವಿ! ಕೂದಲು ಹೋದರೆ ಮನುಷ್ಯ ಬೇರೆ ಆಗ್ತಾನೇನೋ? ರೂಪ ಬದಲಾದರೂ ಒಳಗಿರೋದು ಅದೇ ಕಣೋ! ರೂಪ ಬದಲಾದರೂ ಒಳಗಿರೋದು ಅದೇ!"

"ರೂಪ ಬದಲಾದರೂ ಒಳಗಿರೋದು ಅದೇ," ಅಂತ ಬೋರ ಬಾಯಿಪಾಠ ಮಾಡಿಕೊಂಡ.

ಆದರೆ ಜುಂಜಪ್ಪ ಕೇಳಬೇಕಲ್ಲ! "ಈ ಸಂಬಂಧ ಬೇಡವೇ ಬೇಡ. ಪಹಣಿ ತಗೊಂಡು ಹೊರಟೆ. ಅದಕ್ಕಾಗಿ ಕೊನೆಯಲ್ಲಿ ನಿಲ್ಲಬೇಕಾ, ನಿಲ್ತೀನಿ" ಅಂತ ಲೈನಿನ ಕೊನೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ನಿಂತುಬಿಟ್ಟ. ಸಿದ್ದಕ್ಕ ಬಂದು ಬುಟ್ಟಿ ಮುಂದೆ ಕೂತಳು. ಸುಣ್ಣದ ಗೆರೆಯೆಲ್ಲಾ ಸುಮ್ಮನೆ ಎಳೆದ ಹಾಗಾಯಿತಲ್ಲ ಅಂತ ಗೊಣಗಿದಳು.

ಅದೇ ಹೊತ್ತಿಗೆ ತಾಲ್ಲೂಕಿನಿಂದ ಮುಬೀನ ಬಂದಳು. ಕಂಪ್ಯೂಟರ್ ರಿಪೇರಿ ಮಾಡೋ ಹೆಣ್ಣುಮಗಳು, ಬಲು ಚುರುಕು. ಡಾಂಗಲ್ಲು ಪದೇ ಪದೇ ಯಾಕೆ ಬೀಳುತ್ತೆ ನೋಡು ಅಂತ ಷಡಕ್ಷರಿಯೇ ಕರೆಸಿದ್ದ. ಅವಳು ಪರದೆ ಮೇಲೆ ಏನೇನೋ ಬಿಳಿ ಅಕ್ಷರ ಓಡಿಸಿದಳು, ಸಿದ್ದಕ್ಕನ ಪುರಿ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು, ನಕ್ಕಳು.

"ಷಡಕ್ಷರಣ್ಣ, ಡಾಂಗಲ್ಲು ಚೆನ್ನಾಗೇ ಇದೆ. ತಪ್ಪು ಒಳಗಿರೋನದು."

"ಒಳಗೆ ಯಾರಿದ್ದಾನೆ?"

"ಕರ್ನಲ್ ಅಂತ ಒಬ್ಬ ಇರ್ತಾನೆ, ಕಂಪ್ಯೂಟರಿನ ಯಜಮಾನ. ಯಾವ ಸಾಮಾನು ಚುಚ್ಚಿದರೂ 'ನೀನು ಯಾರು, ಏನು ಕೆಲಸ ಮಾಡ್ತೀಯ' ಅಂತ ಕೇಳಿ, ಬರೆದುಕೊಂಡು, ಕೂರೋಕೆ ಜಾಗ ಕೊಡ್ತಾನೆ. ಕೂತದ್ದು ಕೆಮ್ಮಿ ಸುಮ್ಮನಾದರೆ ಅಲ್ಲಾಡಿಸಿ ಎಬ್ಬಿಸ್ತಾನೆ. ರೀಸೆಟ್ ಅಂತಾರೆ ಅದಕ್ಕೆ. ನೀವು ಕೀಳೋದೇ ಬೇಡ, ಒಳಗಿಂದಲೇ ಮಾಡ್ತಾನೆ. ಎಬ್ಬಿಸಿದ ಮೇಲೆ ಮುಖ ನೋಡ್ತಾನೆ. ಮೊದಲಿನ ಮುಖವೇ ಇದ್ದರೆ ಸರಿ, ನಿನ್ನ ಜಾಗದಲ್ಲಿ ಕೂತು ಕೆಲಸ ಮಾಡು ಅಂತಾನೆ."

"ಸರಿಯಾಗೇ ಇದೆಯಲ್ಲ?"

"ಪೆನ್‌ಡ್ರೈವಿಗೆ ಸರಿ, ಕೀಬೋರ್ಡಿಗೆ ಸರಿ. ಇದಕ್ಕೆ ಎರಡು ವೇಷ. ಎಬ್ಬಿಸಿದ ತಕ್ಷಣ ಹಳೇ ಸೀಡಿ ವೇಷಕ್ಕೆ ಹೋಗಿಬಿಡುತ್ತೆ. ಅವನು ನೋಡ್ತಾನೆ, ಮಲಗಿದ್ದು ನೆಟ್ಟು, ಎದ್ದಿದ್ದು ಸೀಡಿ! 'ನೀನು ಅದಲ್ಲ, ನೀನು ಹೊಸಬ, ನಡಿ ಆಚೆ' ಅಂತ ಜಾಗ ಕಿತ್ತುಕೊಂಡು ಮತ್ತೆ ಮೊದಲಿಂದ ಹೆಸರು ಕೇಳ್ತಾನೆ."

ಅಂಗಡಿಯಲ್ಲಿ ಇದ್ದೋರೆಲ್ಲಾ ಬೋರನ ಕಡೆ ನೋಡಿದರು, ಆಮೇಲೆ ಜುಂಜಪ್ಪನ ಬುರುಡೆ ಕಡೆ ನೋಡಿದರು.

"ಅಯ್ಯೋ ತಾಯಿ!" ಅಂದಳು ಸಿದ್ದಕ್ಕ. "ನನ್ನ ಮಗ ಇಲ್ಲಿ ಹೊರಗೆ ಕೂತಿದ್ದಾನೆ. ಅವನ ತಮ್ಮನೊಬ್ಬ ಆ ಡಬ್ಬದೊಳಗೂ ಕೂತಿದ್ದಾನಾ?"

"ಹೂಂ ಸಿದ್ದಕ್ಕ. ಹಂಗೇ ಅಂದುಕೋ."

ಲೈನಿನ ಕೊನೆಯಿಂದ ಜುಂಜಪ್ಪ ಇತ್ತ ತಿರುಗಿದ. "ಅದನ್ನ ಬರೆದೋರು ಯಾರಮ್ಮ? ಆ ಯಜಮಾನನಿಗೆ ಬುದ್ಧಿ ಹೇಳಿಕೊಟ್ಟೋರು?"

"ದೊಡ್ಡ ದೊಡ್ಡ ಇಂಜಿನಿಯರುಗಳು ಯಜಮಾನ್ರೇ. ದೇಶ ದೇಶದೋರು. ಸಾವಿರಾರು ಜನ."

"ಅವರೂ ಮುಡಿ ಕೊಟ್ಟೋನನ್ನ ಹೊಸಬ ಅಂತಲೇ ಬರೆದಿದ್ದಾರಾ?"

"ಮೊದಲಿಗೆ ಹಂಗೇ ಬರೆದಿದ್ದರು."

ಜುಂಜಪ್ಪ ಮೀಸೆ ತಿರುವೋಕೆ ಕೈ ಎತ್ತಿದ, ಅಲ್ಲಿ ಮೀಸೆ ಇರಲಿಲ್ಲ. ಆದರೂ ಬೆರಳು ತಿರುವಿದ. "ಹಂಗಾದರೆ ನಮ್ಮ ಹುಡುಗ ಇಂಜಿನಿಯರುಗಳ ಮಟ್ಟಕ್ಕೆ ಇದ್ದಾನೆ ಅನ್ನಿ. ಓದದೇ ಇಷ್ಟು! ಸಿದ್ದಕ್ಕ, ಮದುವೆ ಆಗಲಿ ಕಣವ್ವ." ನೋಡಿದಿರಾ, ಮಾತು ಮುರಿದದ್ದೂ ಪೆದ್ದತನ, ಮಾತು ಕೂಡಿಸಿದ್ದೂ ಅದೇ ಪೆದ್ದತನ. ದೊಡ್ಡೋರು ಮಾಡಿದರೆ ಅದಕ್ಕೆ ಹೆಸರು ಬೇರೆ ಇರುತ್ತೆ ಅಷ್ಟೇ.

"ಈಗ ಇದಕ್ಕೇನು ದಾರಿ?" ಅಂತ ಷಡಕ್ಷರಿ ಕೇಳಿದ.

"ಕರ್ನಲ್ ಹತ್ತಿರ ಒಂದು ಪಟ್ಟಿ ಇರುತ್ತೆ, ಸೊಟ್ಟಬುದ್ಧಿ ಸಾಮಾನುಗಳ ಪಟ್ಟಿ. ಅದರಲ್ಲಿ ಇದರ ಹೆಸರು ಬರೀತೀನಿ. 'ಇದು ರೀಸೆಟ್ ಮಾಡಿದರೆ ವೇಷ ಬದಲಾಯಿಸುತ್ತೆ, ಇದನ್ನ ಮಾತ್ರ ರೀಸೆಟ್ ಮಾಡಬೇಡ' ಅಂತ. ಕೆಮ್ಮಿದರೆ ಕೆಮ್ಮಲಿ, ತಾನೇ ಸುಧಾರಿಸಿಕೊಳ್ಳುತ್ತೆ."

ಒಂದೇ ಒಂದು ಸಾಲು ಬರೆದಳು. ನೀಲಿ ದೀಪ ಬಂತು, ನಿಂತಿತು.

"ನನ್ನ ಮಗನ ತಲೆಯೊಳಗೂ ಅಂಥ ಒಂದು ಸಾಲು ಬರೆದುಕೊಡೇ ತಾಯಿ," ಅಂದಳು ಸಿದ್ದಕ್ಕ.

ಮುಬೀನ ನಕ್ಕು ಬೋರನ ಕಡೆ ತಿರುಗಿದಳು. "ಬೋರಣ್ಣ, ಕೇಳು. ಇದು ವೇಷ ಬದಲಾಯಿಸಿ ಕೆಲಸಕ್ಕೆ ಕೂತ ಮೇಲೆ ನೀನೂ ಕೀಳಬೇಡ. ಕಿತ್ತು ಬೇರೆ ಕಡೆ ಚುಚ್ಚಿದರೆ ಹಳೇ ರೂಪಕ್ಕೆ ಹೋಗಿಬಿಡುತ್ತೆ. ಆಮೇಲೆ ಎಲ್ಲಾ ಮೊದಲಿಂದ."

"ರೂಪ ಬದಲಾಗಿ ಕೂತದ್ದನ್ನ ಕೀಳಬೇಡ," ಅಂದ ಬೋರ.

ಮನೆಗೆ ಹೋದ. ಸಿದ್ದಕ್ಕ ಮಡಕೆಯಿಂದ ಮೊಸರು ತೆಗೆಯೋಕೆ ಹೋದರೆ ಅಡ್ಡ ನಿಂತ. "ಮುಟ್ಟಬೇಡವ್ವ! ಹಾಲು ರೂಪ ಬದಲಾಯಿಸಿ ಮೊಸರಾಗಿ ಕೂತಿದೆ. ತೆಗೆದರೆ ಮತ್ತೆ ಹಾಲಾಗುತ್ತೆ!" ಎರಡು ದಿನ ಮೊಸರು ಮುಟ್ಟೋಕೆ ಬಿಡಲಿಲ್ಲ. ಮೂರನೇ ದಿನ ಮನೆಯೆಲ್ಲಾ ಹುಳಿ ವಾಸನೆ.

"ಅಯ್ಯೋ ನನ್ನ ಗ್ರಾಚಾರವೇ! ಮೊಸರು ಎಲ್ಲಾದರೂ ಹಾಲಾಗುತ್ತೇನೋ? ಹಳೇ ರೂಪಕ್ಕೆ ವಾಪಸ್ ಹೋಗೋ ಅಂಥದ್ದು ಇರುತ್ತಲ್ಲ, ಅದನ್ನ ಮಾತ್ರ ಕೀಳಬೇಡ!"

"ವಾಪಸ್ ಹೋಗೋದನ್ನ ಮಾತ್ರ ಕೀಳಬಾರದು," ಅಂದ ಬೋರ. ಈ ಸಲ ಬಹಳ ಹೊತ್ತು ಯೋಚನೆ ಮಾಡಿದ. ಸಿ‌ದ್ದಕ್ಕನಿಗೆ ಅಲ್ಲೇ ಭಯ ಆಯಿತು.

ಮೂವತ್ತನೇ ಗೆರೆ ಬಿತ್ತು. ಮದುವೆಯೂ ಆಯಿತು. ಮನೆ ತುಂಬಿಸಿಕೊಳ್ಳೋ ಶಾಸ್ತ್ರಕ್ಕೆ ಕರಿಯಮ್ಮ ಬಾಗಿಲಿಗೆ ಬಂದಳು. ಊರ ಹೆಣ್ಣುಮಕ್ಕಳು ಅಡ್ಡ ನಿಂತು "ಗಂಡನ ಹೆಸರು ಹೇಳು, ಆಮೇಲೆ ಒಳಗೆ" ಅಂದರು. ಬೋರ ಕಣ್ಣರಳಿಸಿದ. "ನಮ್ಮ ಕರ್ನಲ್ಲೂ ಹಿಂಗೇ ಕೇಳೋದು!" ಅಂದ. ಕರಿಯಮ್ಮ ಹೆಸರು ಹೇಳಿದಳು, ಹೊಸ್ತಿಲ ಮೇಲಿನ ಅಕ್ಕಿ ಸೇರನ್ನ ಬಲಗಾಲಲ್ಲಿ ಒದ್ದಳು, ಒಳಗೆ ಬಂದಳು. ಬಂದೋಳೇ ದೀಪ ಹಚ್ಚಿದಳು. ಬೋರ ದೀಪದ ಕಡೆ ನೋಡಿ ತಲೆ ಆಡಿಸಿದ. ಸಿದ್ದಕ್ಕನಿಗೆ ಆವತ್ತು ಮೈ ಹಗುರ ಆಗಿತ್ತು. ಮಗನಿಗೆ ಹೇಳೋರು ಒಬ್ಬರು ಬಂದರಲ್ಲ!

ಮೂರನೇ ದಿನ ಬೆಳಗ್ಗೆ ಜುಂಜಪ್ಪ ಆಟೋ ತಗೊಂಡು ಬಂದ. ಹೊಸ ಹೆಣ್ಣನ್ನ ತವರಿಗೆ ಕರೆದುಕೊಂಡು ಹೋಗಿ, ಮೂರು ದಿನ ಇಟ್ಟುಕೊಂಡು, ಮಡಿಲು ತುಂಬಿ ಕಳಿಸೋ ಶಾಸ್ತ್ರ. ಕರಿಯಮ್ಮ ಸೀರೆ ಉಟ್ಟು ಹೊರಟಳು. ಬೋರ ಬಾಗಿಲಿಗೆ ಎರಡೂ ಕೈ ಅಡ್ಡ ಚಾಚಿ ನಿಂತ.

"ಕಳಿಸಲ್ಲ!"

"ಯಾಕಪ್ಪ ಅಳಿಯಂದಿರೇ?"

"ಹಳೇ ರೂಪಕ್ಕೆ ಹೋಗ್ತಾಳೆ."

"ಏನು ಹಂಗಂದರೆ?"

"ನಿಮ್ಮ ಮನೆಯಲ್ಲಿ ಇವಳು ಮಗಳಾಗಿದ್ದಳು. ಇಲ್ಲಿ ಬಂದಳು, ಬಾಗಿಲಲ್ಲಿ ಹೆಸರು ಕೇಳಿದರು, ಸೇರು ಒದ್ದಳು, ರೂಪ ಬದಲಾಗಿ ಸೊಸೆಯಾದಳು, ದೀಪ ಬಂತು. ಈಗ ಇಲ್ಲಿಂದ ಕಿತ್ತು ಅಲ್ಲಿಟ್ಟರೆ ಮತ್ತೆ ಮಗಳಾಗಿಬಿಡ್ತಾಳೆ! ಆಮೇಲೆ ಎಲ್ಲಾ ಮೊದಲಿಂದ. ತಾಳಿನೂ ಮೊದಲಿಂದ. ನಾನು ಕೀಳೋಕೆ ಬಿಡಲ್ಲ!"

ಜುಂಜಪ್ಪ ಮಗಳ ಕಡೆ ನೋಡಿದ. ಹೆಣ್ಣು ಹೆತ್ತೋನಲ್ಲವಾ. ಮತ್ತೆ ಮಗಳಾಗಲಿ ಅಂತಲೇ ತಾನೇ ಅವನು ಕರೆಯೋಕೆ ಬಂದದ್ದು! ಕರಿಯಮ್ಮ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಗ್ತಿದ್ದಳು, ಕಣ್ಣು ಒರೆಸಿಕೊಳ್ತಾನೂ ಇದ್ದಳು.

ಸಿದ್ದಕ್ಕ ಮಾತ್ರ ಹಣೆ ಚಚ್ಚಿಕೊಂಡಳು. "ಲೋ ಪೆದ್ದೇ! ಮರ್ಯಾದೆ ತೆಗೀಬೇಡ್ವೋ! ಕರೆಯೋಕೆ ಬಂದೋರನ್ನ ಹಂಗೇ ಖಾಲಿ ಆಟೋದಲ್ಲಿ ಕಳಿಸೋದುಂಟಾ?"

"ಖಾಲಿ ಕಳಿಸಬಾರದಾ?"

"ಕಳಿಸಬಾರದು!"

"ಸರಿ," ಅಂದ ಬೋರ. ಹೋಗಿ ಆಟೋದಲ್ಲಿ ತಾನು ಕೂತ. ಡ್ರೈವರಿಗೆ "ನಡಿಯಪ್ಪ" ಅಂದ. ಎಷ್ಟು ಇಳಿಸಿದರೂ ಇಳಿಯಲಿಲ್ಲ. ಸೀಗೇಹಟ್ಟಿಯಲ್ಲಿ ನೆಂಟರೆಲ್ಲಾ ಊಟಕ್ಕೆ ಕಾದಿದ್ದರು, ಹೊತ್ತು ಮೀರ್ತಿತ್ತು, ಜುಂಜಪ್ಪ ಏನು ಮಾಡಿಯಾನು ಪಾಪ! ಹೋದ. ಅಳಿಯ ತವರಿಗೆ ಹೋದ, ಮಗಳು ಗಂಡನ ಮನೆಯಲ್ಲಿ ಉಳಿದಳು.

ಆ ಮೂರು ದಿನ ಅತ್ತೆ ಸೊಸೆ ಇಬ್ಬರೇ. ಸಿದ್ದಕ್ಕ ಕೊನೆಗೆ ಕೇಳಿಯೇಬಿಟ್ಟಳು, "ನಿಂಗೆ ಬೇಜಾರಾಯಿತೇನವ್ವ? ಬಿಟ್ಟು ಹೋಗ್ತೀಯಾ?"

ಕರಿಯಮ್ಮ ಪುರಿಗೆ ಒಗ್ಗರಣೆ ಹಾಕ್ತಿದ್ದಳು. "ಅತ್ತೆ, ಅವರದೇನು ತಪ್ಪು? ಹೇಳೋರು ಅರ್ಧ ಹೇಳ್ತಾರೆ, ಮಿಕ್ಕರ್ಧ ಅವರೇ ತಿಳ್ಕೊಳ್ಳಲಿ ಅಂತಾರೆ. ಪೂರ್ತಿ ಹೇಳಿದರೆ ಆಯಿತಪ್ಪ."

ನಾಲ್ಕನೇ ದಿನ ಬೋರ ಬಂದ. ಮಡಿಲಲ್ಲಿ ಅಕ್ಕಿ, ಕೊಬ್ಬರಿ, ಅರಿಶಿನ ಕುಂಕುಮ. ಯಾರಿಗಾದರೂ ತುಂಬಲೇಬೇಕಲ್ಲ ಅಂತ ಅವನ ಅತ್ತೆ ಅವನಿಗೇ ತುಂಬಿ ಕಳಿಸಿದ್ದಳು. ಬಾಗಿಲ ಹತ್ತಿರ ಬಂದು ನಿಂತುಬಿಟ್ಟ.

"ಬಾರೋ ಒಳಗೆ," ಅಂದಳು ಸಿದ್ದಕ್ಕ.

"ಬರೋ ಹಂಗಿಲ್ಲವ್ವ. ನನ್ನ ಇಲ್ಲಿಂದ ಕಿತ್ತು ಅಲ್ಲಿಟ್ಟು ಮತ್ತೆ ಇಲ್ಲಿಗೆ ತಂದಿದ್ದಾರೆ. ಮುಖ ಬೇರೆ ಆಗಿದ್ದರೆ ನಾನು ಹೊಸಬ. ನೋಡಿ ಹೇಳು. ಹೋಗೋಕೆ ಮುಂಚೆ ನಾನು ಏನಾಗಿದ್ದೆ?"

"ಪೆದ್ದ ಆಗಿದ್ದೆ!"

"ಈಗ ಏನಾಗಿದ್ದೀನಿ?"

"ಈಗಲೂ ಪೆದ್ದನೇ ಕಣೋ!"

"ಹಂಗಾದರೆ ಅದೇ ಮುಖ," ಅಂದ ಬೋರ. "ಒಳಗೆ ಬರಬಹುದು."

ಬಂದ. ಬರೋವಾಗ ಶಾಸ್ತ್ರ ಬಿಡಬಾರದಲ್ಲ? ಹೊಸ್ತಿಲ ಹತ್ತಿರ ಸಿದ್ದಕ್ಕ ಮಾರೋಕೆ ಹೊರಟು ಇಟ್ಟಿದ್ದ ಸೇರು ಕಾಣಿಸಿತು, ಸೇರಿನ ಹಿಂದೆ ಬುಟ್ಟಿ. ಬಲಗಾಲು ಎತ್ತಿ ಒದ್ದ ನೋಡಿ! ಸೇರು ಬುಟ್ಟಿಗೆ ಬಡಿಯಿತು, ಬುಟ್ಟಿ ಉರುಳಿತು, ಪುರಿಯೆಲ್ಲಾ ಜಗಲಿ ದಾಟಿ ಬೀದಿಗೆ ಹಾರಿತು. ಬೀದಿ ಕೋಳಿಗಳಿಗೆ ಹಬ್ಬ.

ಸಿದ್ದಕ್ಕ ಬೈಯೋಕೆ ಬಾಯಿ ತೆರೆದಳು. ಕರಿಯಮ್ಮ ಅವಳ ಭುಜ ಹಿಡಿದು ಜಗಲಿ ಮೇಲೆ ಕೂರಿಸಿದಳು.

"ನೀವು ಕೂತ್ಕೊಳ್ಳಿ ಅತ್ತೆ. ಇನ್ನು ಮೇಲೆ ನಾನು ಹೇಳ್ತೀನಿ." ಬೋರನ ಕಡೆ ತಿರುಗಿದಳು. "ನೋಡಿ, ಬುಟ್ಟಿ ತಗೊಳ್ಳಿ. ನೆಟ್ಟಗೆ ನಿಲ್ಲಿಸಿ. ನೆಲದ ಮೇಲಿರೋ ಪುರಿ ಆಯಿರಿ. ಮಣ್ಣು ಬೇಡ, ಕಲ್ಲು ಬೇಡ, ಬರೀ ಪುರಿ. ಎಲ್ಲಾ ಆದ ಮೇಲೆ ನಿಲ್ಲಿಸಿ. ಒಂದು ಕಾಳೂ ಬಿಡಬೇಡಿ. ಅತ್ತೆ ಕೈಗೆ ತಂದುಕೊಡಿ."

ಸಿದ್ದಕ್ಕ ಆಶ್ಚರ್ಯದಿಂದ ನೋಡಿದಳು. ಎಷ್ಟು ಪೂರ್ತಿಯಾಗಿ ಹೇಳ್ತಾಳಪ್ಪ ಹುಡುಗಿ! ಎಲ್ಲಿ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲಾ ಇದೆ. ಬೋರ ಬಗ್ಗಿ ಒಂದೊಂದೇ ಕಾಳು ಆಯೋಕೆ ಶುರು ಮಾಡಿದ. ಮಗ ಹುಟ್ಟಿದ ಇಪ್ಪತ್ತಾರು ವರ್ಷದಲ್ಲಿ ಮೊದಲನೇ ಸಲ ಸಿದ್ದಕ್ಕ ಗೋಡೆಗೆ ಒರಗಿ ಕಾಲು ಚಾಚಿದಳು. ಇನ್ನು ನಾನು ಹೋದರೂ ಚಿಂತೆಯಿಲ್ಲ ಅಂತ ಒಂದು ನಿಟ್ಟುಸಿರು ಬಿಟ್ಟಳು. ಸೊಸೆ ತಂದುಕೊಟ್ಟ ಟೀ ಕುಡಿದಳು.

ಟೀ ಮುಗಿಯಿತು. ಬಿಸಿಲು ಏರಿತು. ಬೀದಿಯಲ್ಲಿ ಒಂದೇ ಸಮನೆ ಕೋಳಿ ಕೂಗೋ ಸದ್ದು, ಅಕ್ಕಪಕ್ಕದೋರು ಕಿರುಚೋ ಸದ್ದು, ಓಡೋ ಸದ್ದು. ಆಮೇಲೆ ಬೋರ ಬಂದ. ಮೈಯೆಲ್ಲಾ ಧೂಳು. ತಲೆ ಮೇಲೆ ಪುರಿಯ ಬುಟ್ಟಿ, ಎಡಗಂಕುಳಲ್ಲಿ ಎರಡು ಕೋಳಿ, ಬಲಗಂಕುಳಲ್ಲಿ ಪಕ್ಕದ ಮನೆಯ ಹುಂಜ.

"ಇವು ಯಾಕೋ?" ಅಂದಳು ಸಿದ್ದಕ್ಕ.

"ಒಂದು ಕಾಳೂ ಬಿಡಬೇಡ ಅಂದಳಲ್ಲವ್ವ," ಅಂದ ಬೋರ. ಹುಂಜವನ್ನ ತಾಯಿಯ ಮಡಿಲಲ್ಲಿ ಇಟ್ಟ. "ತಗೋ. ರೂಪ ಬದಲಾಗಿದೆ, ಒಳಗಿರೋದು ಅದೇ."